ಉಸಿರು ತೆಗೆಯುವ ಕೆಲಸ

ನಿಮ್ಮ ಯಜಮಾನರಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿ ಮುಖ ಗಂಭೀರ ಮಾಡಿಕೊಂಡು, "ಜನರ ಉಸಿರು ತೆಗೆಯೋ ಕೆಲಸ," ಎನ್ನುತ್ತಿದ್ದಳು. ಕೇಳಿದವರು ಕಕ್ಕಾಬಿಕ್ಕಿಯಾದ ಮೇಲೆ, ಅದನ್ನು ಕಣ್ತುಂಬ ನೋಡಿ ಖುಷಿಪಟ್ಟ ಮೇಲೆ, ಹೋಗಲಿ ಪಾಪ ಎಂದು ವಿವರ ಹೇಳುತ್ತಿದ್ದಳು. ವಿವರ ಇಷ್ಟೇ. ಊರಿನ ಹಳೆಯ ಗ್ರಂಥಾಲಯದ ಮೇಲಿನ ಮಹಡಿಯಲ್ಲಿ, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡುವ ಒಂದು ವಿಭಾಗವಿತ್ತು. ಓದುವವರು ಗಾಜಿನ ಆಚೆ ಮೈಕಿನ ಮುಂದೆ ಕೂರುತ್ತಿದ್ದರು. ಇವನು ಗಾಜಿನ ಈಚೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ. ಆಮೇಲೆ ಅವರ ಓದಿನಿಂದ ಕೆಮ್ಮು, ಹಾಳೆ ಮಗುಚಿದ ಸದ್ದು, ಕುರ್ಚಿಯ ಕಿರಕಿರ, ಊಟ ತಡವಾದವರ ಹೊಟ್ಟೆಯ ಗುರುಗುರು, ಕೊನೆಗೆ ಎರಡು ವಾಕ್ಯಗಳ ನಡುವೆ ಎಳೆದುಕೊಂಡ ಉಸಿರು, ಎಲ್ಲವನ್ನೂ ಹುಡುಕಿ ಹುಡುಕಿ ತೆಗೆದುಹಾಕುತ್ತಿದ್ದ. ಅದಕ್ಕೇ ಅವನನ್ನು ಎಲ್ಲರೂ ಕತ್ತರಿ ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಶುರುವಿನಲ್ಲಿ ಅದು ನಿಜವಾದ ಕತ್ತರಿಯ ಕೆಲಸವೇ ಆಗಿತ್ತು. ಟೇಪನ್ನು ಬ್ಲೇಡಿನಿಂದ ಕೊಯ್ದು, ಕೆಮ್ಮನ್ನು ಕಸದ ಬುಟ್ಟಿಗೆ ಹಾಕಿ, ಎರಡು ತುದಿಗಳನ್ನು ಅಂಟಿಸಬೇಕಿತ್ತು. ಕಂಪ್ಯೂಟರ್ ಬಂದಮೇಲೆ ಬೆರಳಿಗೆ ಗಾಯವಾಗುವುದು ನಿಂತಿತು. ಈಗ ಮಾತು ಪರದೆಯ ಮೇಲೆ ಗುಡ್ಡಗಳ ಸಾಲಾಗಿ ಕಾಣಿಸುತ್ತಿತ್ತು. ಪ್ರತಿ ಗುಡ್ಡಕ್ಕೆ ಮುಂಚೆ ಒಂದು ಪುಟ್ಟ ದಿಣ್ಣೆ. ಅದೇ ಉಸಿರು. ಕತ್ತರಿ ಅದನ್ನು ಕಿವಿಗೆ ಹಾಕಿಕೊಳ್ಳುವ ಗೋಜಿಗೂ ಹೋಗದೆ ಕಣ್ಣಳತೆಯಲ್ಲೇ ಗುರುತಿಸಿ ತೆಗೆದು, ಆ ಜಾಗಕ್ಕೆ ಅಷ್ಟೇ ಉದ್ದದ ಖಾಲಿ ಕೋಣೆಯ ನಿಶ್ಶಬ್ದವನ್ನು ತುಂಬುತ್ತಿದ್ದ. ಲಯ ಕೆಡುತ್ತಿರಲಿಲ್ಲ. ಉಸಿರು ಇತ್ತೆಂದೂ ತಿಳಿಯುತ್ತಿರಲಿಲ್ಲ. ಬೇರೆ ಊರುಗಳ ವಿಭಾಗದವರು ಬಂದು ಅವನ ಕೆಲಸ ನೋಡಿ ತಲೆದೂಗಿ ಹೋಗುತ್ತಿದ್ದರು.

ಈ ಮಹಾಶಯ ಇಡೀ ಆಯುಷ್ಯ ಕಥೆಗಳ ನಡುವೆಯೇ ಕೂತಿದ್ದರೂ ಒಂದೇ ಒಂದು ಕಥೆ ಕೇಳಿದವನಲ್ಲ. ಅದು ಅವನ ಹೆಮ್ಮೆ ಬೇರೆ. "ಕಥೆಗೆ ಕಿವಿ ಕೊಟ್ರೆ ಕೆಮ್ಮು ಕೈ ತಪ್ಪಿ ಹೋಗುತ್ತೆ," ಎನ್ನುತ್ತಿದ್ದ. ಯಾರು ಯಾರನ್ನು ಕೊಂದರು, ಯಾರು ಯಾರನ್ನು ಮದುವೆಯಾದರು, ಅವನಿಗೆ ಗೊತ್ತಿಲ್ಲ. ಕೊಲೆಯಾದ ಪುಟದಲ್ಲಿ ಯಾರ ಕುರ್ಚಿ ಕಿರುಗುಟ್ಟಿತು ಎಂದು ಕೇಳಿದರೆ ಮಾತ್ರ ಥಟ್ಟನೆ ಹೇಳುತ್ತಿದ್ದ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಗಡಿಬಿಡಿಯಲ್ಲಿ, ತಿದ್ದಿದ ಪ್ರತಿಯ ಬದಲು ತಿದ್ದದ ಪ್ರತಿಯೇ ಕೇಳುಗರ ಮನೆ ಸೇರಿತ್ತು. ಅದರಲ್ಲಿ ಓದುತ್ತಿದ್ದ ದೊಡ್ಡ ಮನುಷ್ಯರೊಬ್ಬರು ನಡುವೆ ನಿಲ್ಲಿಸಿ ತಮ್ಮ ಅಳಿಯನನ್ನು ವಾಚಾಮಗೋಚರವಾಗಿ ಬೈದದ್ದೂ ಇತ್ತು. ಆ ಮಾನ ಹೋದ ದಿನದಿಂದ ಕತ್ತರಿ, ಒಂದು ಪುಸ್ತಕ ಶುದ್ಧವಾದ ಕೂಡಲೇ ಅದರ ಮೂಲವನ್ನು ಅಳಿಸಿಬಿಡುತ್ತಿದ್ದ. ಗಲೀಜು ಇದ್ದರೆ ತಾನೇ ಹೊರಗೆ ಹೋಗುವ ಭಯ.

ಆ ವಿಭಾಗದ ಮುಖ್ಯ ಓದುಗಾರ್ತಿ ಅವನ ಸ್ವಂತ ಅಕ್ಕ. ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಅಮ್ಮ ಬೇಗ ಹೋದಮೇಲೆ ಇವನ ಮೂಗು ಒರೆಸಿ, ತಲೆ ಬಾಚಿ, ಮಗ್ಗಿ ಬಾಯಿಪಾಠ ಮಾಡಿಸಿ ಸಾಕಿದವಳು. ಮದುವೆ ಎಂದರೆ ಮೂಗು ಮುರಿದು, ಈಗ ತಮ್ಮನ ಮನೆಯ ಮೇಲಿನ ಕೋಣೆಯಲ್ಲೇ ಇದ್ದಳು. ಅವಳ ಓದು ಎಂದರೆ ಕತ್ತರಿಗೆ ರಜೆ ಸಿಕ್ಕಿದಂತೆ. ಅವಳ ಉಸಿರು ಯಾವಾಗ ಒಳಗೆ ಹೋಗಿ ಯಾವಾಗ ಹೊರಗೆ ಬಂತೆಂದು ಮೈಕಿಗೂ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಕಾದಂಬರಿಗೆ ಆ ವರ್ಷದ ದೊಡ್ಡ ಪ್ರಶಸ್ತಿ ಬಂತು. ಹೆಸರು 'ಗಾಳಿ ಹೊತ್ತ ಹಡಗು'. ಭೂಮಿ ಬಿಟ್ಟು, ಹತ್ತಿದವರು ಮುದುಕರಾಗುವಷ್ಟು ದೂರದ ಇನ್ನೊಂದು ಲೋಕಕ್ಕೆ ಹೊರಟ ಹಡಗಿನ ಕಥೆ. ಅದನ್ನು ಒಬ್ಬರು ಹೇಳುವುದಿಲ್ಲ, ಐವರು ಹೇಳುತ್ತಾರೆ. ಯಾವ ಅಧ್ಯಾಯದ ನೆತ್ತಿಯ ಮೇಲೂ ಹೇಳುವವರ ಹೆಸರಿಲ್ಲ. ಒಬ್ಬೊಬ್ಬರ ಮಾತಿಗೂ ಒಂದೊಂದು ಬಗೆಯ ಅಚ್ಚಕ್ಷರ, ಅದನ್ನು ನೋಡಿಯೇ ಯಾರು ಎಂದು ತಿಳಿದುಕೊಳ್ಳಬೇಕು. ಪ್ರಶಸ್ತಿ ಬಂದದ್ದೇ ತಡ, ವಿಭಾಗದ ಫೋನು ಬಡಿದುಕೊಳ್ಳತೊಡಗಿತು. ಕಣ್ಣಿರುವವರೆಲ್ಲ ಓದಿ ಮುಗಿಸಿದರು, ನಮಗೆ ಯಾವಾಗ ಎಂದು ಕೇಳುಗರು ಜೀವ ತಿಂದರು.

ವಿಭಾಗದ ಮುಖ್ಯಸ್ಥೆ ತಲೆ ಕೆರೆದುಕೊಂಡಳು. ಅಕ್ಷರದ ಆಕಾರ ಕಿವಿಗೆ ಹೇಗೆ ತಲುಪೀತು? ಐದು ಜನರಿಂದ ಓದಿಸೋಣವೇ ಎಂದಳು. ಅಕ್ಕ ಪುಸ್ತಕವನ್ನು ಆಗಲೇ ಓದಿದ್ದಳು. "ಬೇಡ. ನಾನೊಬ್ಬಳೇ ಓದ್ತೀನಿ," ಎಂದಳು.

"ದನಿ ಬದಲಾಯಿಸಿ ನಾಟಕ ಮಾಡಿದ್ರೆ ನಮ್ಮ ಕೇಳುಗರು ಸುಮ್ಮನೆ ಬಿಡಲ್ಲಮ್ಮ. ನಿಮಗೇ ಗೊತ್ತಲ್ಲ," ಎಂದಳು ಮುಖ್ಯಸ್ಥೆ.

"ನಾಟಕ ಯಾಕೆ ಮಾಡ್ಲಿ? ನನ್ನ ದನಿಯಲ್ಲೇ ಓದ್ತೀನಿ."

ಮೆಟ್ಟಿಲಿಳಿಯುವಾಗ ಕತ್ತರಿ, "ಐದು ಜನರನ್ನ ಒಂದೇ ದನಿಯಲ್ಲಿ ಹೇಗೆ ಓದ್ತೀಯ ಅಕ್ಕ?" ಎಂದು ಕೇಳಿದ. ಅವಳು ಅವನ ಬೆನ್ನಿಗೆ ಒಂದು ತಟ್ಟಿ, "ದಿನಾ ಎದುರಿಗೇ ಕೂತು ಕೇಳ್ತೀಯಲ್ಲ, ನಿನಗೆ ಗೊತ್ತಾಗದೇ ಇರುತ್ತೇನೋ?" ಎಂದಳು. ಕತ್ತರಿ ಹೂಂ ಎಂದುಬಿಟ್ಟ.

ಅದೇ ದಿನಗಳಲ್ಲಿ ಅಕ್ಕನ ಗಂಟಲು ಕೈಕೊಟ್ಟಿತು. ಮೊದಲು ಶೀತ ಎಂದುಕೊಂಡರು. ಆಮೇಲೆ ಡಾಕ್ಟರು ಒಳಗೆ ನೋಡಿ, ಗಡ್ಡೆ ಎಂದರು. ತೆಗೆದರೆ ಜೀವಕ್ಕೆ ಅಪಾಯವಿಲ್ಲ, ಉಸಿರಾಟಕ್ಕೂ ತೊಂದರೆಯಾಗದಂತೆ ನೋಡಿಕೊಳ್ಳುತ್ತೇವೆ, ಆದರೆ ದನಿ ಮರಳಿ ಬರುತ್ತದೆಂದು ಮಾತ್ರ ಹೇಳಲಾರೆ ಎಂದರು. ಅಕ್ಕ ಅತ್ತಳೋ ಇಲ್ಲವೋ ಯಾರಿಗೂ ಕಾಣಿಸಲಿಲ್ಲ. ಕೈಯಲ್ಲಿರುವ ಪುಸ್ತಕ ಮುಗಿಸಿ ಬರ್ತೀನಿ ಎಂದು ಡಾಕ್ಟರ ಹತ್ತಿರ ಚೌಕಾಸಿ ಮಾಡಿ ಒಂದಿಷ್ಟು ದಿನ ಗಿಟ್ಟಿಸಿಕೊಂಡಳು.

ಅವಳು ಓದಿದಳು. ಗಾಜಿನ ಈಚೆ ಕೂತ ಕತ್ತರಿಯ ಎದೆ ಒಡೆಯುತ್ತಿತ್ತು. ಯಾಕೆಂದರೆ ಅವನ ಅಕ್ಕನ ಓದಿನ ತುಂಬ ಉಸಿರು. ಒಂದು ಅಧ್ಯಾಯದಲ್ಲಿ ನಾಲ್ಕು ಮಾತಿಗೊಮ್ಮೆ ಗಕ್ಕನೆ ನಿಂತು ಎಳೆದುಕೊಳ್ಳುವ ಮೋಟು ಉಸಿರು. ಇನ್ನೊಂದರಲ್ಲಿ ಪ್ರತಿ ವಾಕ್ಯದ ಕೊನೆಗೂ ಮೂಗಿನಿಂದ ಹೊರಬೀಳುವ ನಿಟ್ಟುಸಿರು. ಮತ್ತೊಂದರಲ್ಲಿ ಮಾತಿನ ನಡುವೆಯೇ ಹಾರಿ ಬಂದು ಕೂರುವ ಅವಸರದ ಉಸಿರು. ಕೆಲವು ಅಧ್ಯಾಯಗಳಲ್ಲಂತೂ ಆಗಾಗ ಓದು ನಿಲ್ಲಿಸಿ, ಮೈಕಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ಪಾಪ, ಕೆಮ್ಮು ಅಡಗಿಸುತ್ತಿದ್ದಾಳೆ ಎಂದು ಇವನು ಕಣ್ಣೊರೆಸಿಕೊಂಡ. ಉಸಿರೇ ಕೇಳಿಸದ ಓದು ಓದುತ್ತಿದ್ದವಳು ಈಗ ಹೀಗೆ ಏದುಸಿರು ಬಿಡುವುದನ್ನು ಊರಿನ ಕೇಳುಗರೆಲ್ಲ ಕೇಳಬೇಕೆ? ತಾನಿರುವಾಗ ಅದು ಸಾಧ್ಯವಿಲ್ಲ ಎಂದುಕೊಂಡ.

ಅವಳನ್ನು ಆಪರೇಷನ್ನಿಗೆ ಸೇರಿಸಿದ ವಾರ ಕತ್ತರಿ ತನ್ನ ಜೀವಮಾನದ ಕೆಲಸ ಮಾಡಿದ. ಹಾಗಂತ ಅವನೇ ಹೆಂಡತಿಯ ಹತ್ತಿರ ಹೇಳಿಕೊಂಡ. ಒಂದೊಂದು ದಿಣ್ಣೆಯನ್ನೂ ಹಿಡಿದು ಬೇರು ಸಮೇತ ಕಿತ್ತ. ಎಲ್ಲೂ ಕಾಯಿಲೆಯ ಸುಳಿವು ಉಳಿಯಬಾರದು. ಕೊನೆಯ ಅಧ್ಯಾಯದ ಕೊನೆಯ ಮಾತಿನ ನಂತರವೂ ಒಂದು ಉದ್ದನೆಯ ಉಸಿರಿತ್ತು. ಓದು ಮುಗಿದ ಸುಸ್ತು ಎಂದುಕೊಂಡು ಅದನ್ನೂ ತೆಗೆದು ನಿಶ್ಶಬ್ದ ತುಂಬಿದ. ಆಮೇಲೆ ವಾಡಿಕೆಯಂತೆ ಮೂಲವನ್ನು ಅಳಿಸಿದ. ಅಕ್ಕನ ಮಾನ ಉಳಿಸಿದೆ ಎಂಬ ತೃಪ್ತಿಯಲ್ಲಿ ಆಸ್ಪತ್ರೆಗೆ ಹೋಗಿ ಅವಳ ಕಾಲಬುಡದಲ್ಲಿ ಕೂತ.

ಹೊರಗೆ ಬಿಡುವ ಮೊದಲು ಪ್ರತಿ ಪುಸ್ತಕವನ್ನೂ ಒಬ್ಬ ಕೇಳುಗರು ಪರೀಕ್ಷೆ ಮಾಡುವ ಪದ್ಧತಿ ಅಲ್ಲಿತ್ತು. ಆ ಕೆಲಸ ಎಕ್ಸ್‌ಚೇಂಜ್ ಸಾರ್ ಅವರದು. ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಹುಟ್ಟಿನಿಂದ ಕಣ್ಣಿಲ್ಲ. ಕಿವಿಯ ವಿಷಯದಲ್ಲಿ ಮುಲಾಜು ಅನ್ನುವುದೇ ಇಲ್ಲ. ಅವರು ಪುಸ್ತಕ ತೆಗೆದುಕೊಂಡು ಹೋದ ಕೆಲವು ದಿನಗಳಿಗೇ ಮೆಟ್ಟಿಲ ಮೇಲೆ ಕೋಲು ಟಕಟಕ ಎಂದಿತು.

"ಏನಯ್ಯಾ ಕತ್ತರಿ, ನಿಮ್ಮಕ್ಕ ಓದಿದಾರೆ ಅಂತ ಆಸೆಯಿಂದ ತಗೊಂಡು ಹೋದೆ. ಅರ್ಧಕ್ಕೇ ನಿಲ್ಲಿಸಿಬಿಟ್ಟೆ."

"ಯಾಕೆ ಸಾರ್? ಎಲ್ಲಾದರೂ ಸದ್ದು ಉಳಿದಿದೆಯಾ?"

"ಸದ್ದು ಉಳಿದಿದ್ರೆ ಚೆನ್ನಾಗಿತ್ತು. ಏನೂ ಉಳಿದಿಲ್ಲ ಕಣಯ್ಯಾ. ಐದು ಜನ ಹೇಳ್ತಾರೆ ಅಂತಾರೆ, ನನಗೆ ಒಬ್ಬರೂ ಸಿಗಲಿಲ್ಲ. ಯಾರು ಮುದುಕ, ಯಾರು ಹುಡುಗಿ, ತಲೆಬುಡ ತಿಳೀಲಿಲ್ಲ. ಎಲ್ಲರೂ ಒಂದೇ ಯಂತ್ರ ಓದಿದ ಹಾಗೆ ಓದ್ತಾರೆ. ನಿಮ್ಮಕ್ಕ ಹೀಗೆ ಓದೋರಲ್ಲ. ಏನಾಗಿದೆ ನೋಡು." ಅಷ್ಟು ಹೇಳಿ, ಕೊಟ್ಟ ಚಹಾವನ್ನೂ ಮುಟ್ಟದೆ ಹೊರಟುಹೋದರು.

ಕತ್ತರಿಗೆ ಮೊದಲು ಬಂದದ್ದು ಸಿಟ್ಟು. ಕಾಯಿಲೆ ಬಿದ್ದ ಅಕ್ಕನ ಮೇಲೆ ದೂರೇ! ಆ ಸಿಟ್ಟಿನಲ್ಲೇ, ಎಲ್ಲಿ ಯಂತ್ರ ಇದೆ ನೋಡೇಬಿಡೋಣ ಎಂದು ಹೆಡ್‌ಫೋನ್ ಏರಿಸಿ ಮೊದಲ ಅಧ್ಯಾಯ ಹಾಕಿದ. ಪರದೆಯನ್ನು ಆರಿಸಿದ. ಕಣ್ಣು ಮುಚ್ಚಿದ. ಅವನು ಜೀವನದಲ್ಲಿ ಮೊದಲನೇ ಸಲ ಒಂದು ಕಥೆ ಕೇಳಲು ಕೂತದ್ದು ಹೀಗೆ.

ಕಥೆ ಅವನನ್ನು ಕೊರಳಪಟ್ಟಿ ಹಿಡಿದು ಒಳಗೆ ಎಳೆದುಕೊಂಡಿತು. ಹಡಗು ನಡೆಸುವ ಮುದುಕ ಮಾತಾಡುತ್ತಿದ್ದ. ಅವನ ಒಂದು ಶ್ವಾಸಕೋಶ ಸುಟ್ಟುಹೋಗಿದೆ, ನಾಲ್ಕು ಮಾತಿಗೊಮ್ಮೆ ನಿಲ್ಲಬೇಕು. ಇನ್ನೊಬ್ಬಳು ಹಡಗಿನೊಳಗೆ ಗಿಡ ಬೆಳೆಸುವ ಹೆಂಗಸು. ಭೂಮಿಯಲ್ಲಿ ಬಿಟ್ಟು ಬಂದ ಮಗನ ನೆನಪಿಗೆ ಪ್ರತಿ ಮಾತಿನ ಕೊನೆಗೂ ನಿಟ್ಟುಸಿರು ಬಿಡುತ್ತಾಳೆ. ಒಬ್ಬ ವೈದ್ಯ, ಗಾಳಿಯನ್ನು ಉಳಿಸಲು ತನಗೆ ತಾನೇ ಕಡಿಮೆ ಉಸಿರಾಡುವುದನ್ನು ಕಲಿಸಿಕೊಂಡವನು. ಹಡಗಿನಲ್ಲೇ ಹುಟ್ಟಿ, ಗಾಳಿ ಎಂದರೆ ಯಾರೋ ತಯಾರಿಸುವ ವಸ್ತು ಎಂದುಕೊಂಡಿರುವ ಪುಟ್ಟ ಹುಡುಗಿ, ಓಡುತ್ತಲೇ ಮಾತಾಡುವವಳು. ಮತ್ತು ಐದನೆಯವರು ಒಬ್ಬರು. ಉಳಿದ ನಾಲ್ವರೂ ಮಲಗಿರುವಾಗ ಎಚ್ಚರವಿರುವವರು, ಎಲ್ಲರನ್ನೂ ಬಲ್ಲವರು, ತಮ್ಮ ಬಗ್ಗೆ ಮಾತ್ರ ಏನನ್ನೂ ಹೇಳದವರು.

ಹಡಗಿನಲ್ಲಿ ಗಾಳಿ ಕಡಿಮೆಯಾಗುತ್ತಿತ್ತು. ಕಥೆಯ ಉಸಿರೇ ಅದು. ಯಾವ ಅಧ್ಯಾಯದಿಂದ ಎಂಥ ಉಸಿರು ಕಿತ್ತಿದ್ದೆ ಎಂದು ಕತ್ತರಿಗೆ ಒಂದೊಂದಾಗಿ ನೆನಪಾಯಿತು. ಮೋಟು ಉಸಿರು ಅಕ್ಕನ ಕಾಯಿಲೆಯಲ್ಲ, ಮುದುಕನದು. ನಿಟ್ಟುಸಿರು ಆ ತಾಯಿಯದು. ಹಾರಿ ಬಂದು ಕೂರುವ ಉಸಿರು ಹುಡುಗಿಯದು. ಅಕ್ಕ ದನಿಯನ್ನು ಕೂದಲೆಳೆಯಷ್ಟೂ ಬದಲಿಸದೆ, ಬರೀ ಉಸಿರಿನಿಂದ ನಾಲ್ಕು ಜನರನ್ನು ಮಾಡಿ ಕೂರಿಸಿದ್ದಳು. ಐದನೆಯವರ ಅಧ್ಯಾಯ ಬಂದಾಗ ಗೋಡೆಗೆ ಮುಖ ಮಾಡಿ ಕದ್ದು ಉಸಿರಾಡುತ್ತಿದ್ದಳು. ಯಾಕೆಂದರೆ ಐದನೆಯವರಿಗೆ ಉಸಿರಿಲ್ಲ. ಐದನೆಯವರು ಮನುಷ್ಯರಲ್ಲ. ಅದು ಹಡಗು. ಅವರೆಲ್ಲರಿಗೂ ಗಾಳಿ ತಯಾರಿಸಿ ಕೊಡುತ್ತಾ, ತಾನು ಒಂದು ಸಲವೂ ಉಸಿರಾಡದೆ, ಅವರ ಕಥೆ ಹೇಳುತ್ತಿದ್ದ ಹಡಗು. ಅದನ್ನು ಲೇಖಕರು ಕೊನೆಯವರೆಗೆ ಬಾಯಿ ಬಿಟ್ಟು ಹೇಳಿರಲಿಲ್ಲ. ಕಿವಿಯಿದ್ದವರಿಗೆ ಅದರ ಮೊದಲ ಅಧ್ಯಾಯದಿಂದಲೇ ತಿಳಿಯುವಂತೆ ಅಕ್ಕ ಓದಿದ್ದಳು.

ಕತ್ತರಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಎಂಥ ಕೆಲಸ ಮಾಡಿಬಿಟ್ಟೆ ಎಂದು ಗಟ್ಟಿಯಾಗಿಯೇ ಅಂದುಕೊಂಡ. ಅಕ್ಕನ ಗಂಟಲು ಹೊತ್ತಿಕೊಂಡು ಉರಿಯುತ್ತಿದ್ದಾಗ ಅವಳು ಹೀಗೊಂದು ಪವಾಡ ಮಾಡಿದ್ದಳು. ಇನ್ನು ಮೇಲೆ ಅವಳು ಓದುವುದಿಲ್ಲ. ಅವಳ ಕೊನೆಯ ಓದನ್ನು ಅವಳು ಸಾಕಿದ ತಮ್ಮನೇ ತೊಳೆದು ಒಣಹಾಕಿದ್ದ.

ಅಕ್ಕ ಮನೆಗೆ ಬಂದಳು. ಗಡ್ಡೆ ಹೋಗಿತ್ತು, ದನಿಯೂ ಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಹಳೆಯ ಸ್ಲೇಟು ಇಟ್ಟುಕೊಂಡು ಅದರ ಮೇಲೆ ಬರೆದು ತೋರಿಸುತ್ತಿದ್ದಳು. ಬಂದ ದಿನವೇ ಬರೆದಳು: ಪುಸ್ತಕ ಕೇಳಬೇಕು.

"ಕಂಪ್ಯೂಟರ್ ಕೆಟ್ಟಿದೆ ಅಕ್ಕ," ಎಂದ ಕತ್ತರಿ. ಮಾರನೇ ದಿನ ಮುಖ್ಯಸ್ಥೆ ರಜೆ ಹಾಕಿದ್ದಳು. ಅದರ ಮಾರನೇ ದಿನ ಕರೆಂಟು ಇರಲಿಲ್ಲ. ಹೆಂಡತಿ ಇವನ ಮುಖವನ್ನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದಳು.

ಅಷ್ಟರಲ್ಲಿ ಅವನು ಕಂಡಕಂಡ ಪ್ರಯತ್ನ ಮಾಡುತ್ತಿದ್ದ. ಅಕ್ಕನ ಹಳೆಯ ಪುಸ್ತಕಗಳಲ್ಲಿ ಉಸಿರು ಹುಡುಕಿದ. ಮೈಕಿಗೇ ಸಿಗದ ಉಸಿರು, ಅಲ್ಲಿ ಎಲ್ಲಿಂದ ಸಿಗಬೇಕು? ಬೇರೆಯವರ ಉಸಿರು ತಂದು ಇಟ್ಟು ನೋಡಿದ, ಇನ್ನೊಬ್ಬರ ಚಪ್ಪಲಿ ಮೆಟ್ಟಿ ನಡೆದ ಹಾಗಿತ್ತು. ಕೊನೆಗೆ ತಾನೇ ಮೈಕಿನ ಮುಂದೆ ಕೂತು ಮುದುಕನ ಹಾಗೆ ಮೋಟು ಉಸಿರು ಎಳೆದುಕೊಂಡು, ಅದನ್ನು ಅಕ್ಕನ ಮಾತಿನ ನಡುವೆ ಹೊಲಿದು, ಹೆಂಡತಿಗೆ ಕೇಳಿಸಿದ. ಅವಳು ಕೇಳಿ, "ಅತ್ತಿಗೆ ಓದ್ತಾ ಇದಾರೆ, ಸರಿ. ಪಕ್ಕದಲ್ಲಿ ನೀವ್ಯಾಕೆ ಗೊರಕೆ ಹೊಡೀತಾ ಇದೀರಿ?" ಎಂದಳು.

ಕತ್ತರಿ ನಗಲಿಲ್ಲ. ನಗದ್ದನ್ನು ನೋಡಿ ಅವಳಿಗೆ ಗಾಬರಿಯಾಯಿತು. ಕೂರಿಸಿ ಕೇಳಿದಳು. ಎಲ್ಲವನ್ನೂ ಹೇಳಿದ ಮೇಲೆ, "ಹೋಗಿ ಅತ್ತಿಗೆಗೆ ಹೇಳಿ. ಬೈಸಿಕೊಳ್ಳಿ. ಈಗ ಬೈಯೋಕೂ ದನಿ ಇಲ್ಲ ಅವರಿಗೆ, ಅದನ್ನಾದರೂ ಯೋಚನೆ ಮಾಡಿ," ಎಂದಳು. ಹೇಳಿದವಳ ಕಣ್ಣಲ್ಲೂ ನೀರಿತ್ತು.

ಅವನು ಮೇಲಿನ ಕೋಣೆಗೆ ಹೋದ. ಅಕ್ಕ ಕಿಟಕಿಯ ಪಕ್ಕ ಕೂತು ಬಟ್ಟೆಗೆ ಗುಂಡಿ ಹಾಕುತ್ತಿದ್ದಳು. ಅವನ ಅಂಗಿಯೇ. ಅವನು ನೆಲದ ಮೇಲೆ ಕೂತು, ತಲೆ ತಗ್ಗಿಸಿ, ಚಿಕ್ಕಂದಿನಲ್ಲಿ ಲೋಟ ಒಡೆದು ಬಂದು ಹೇಳುತ್ತಿದ್ದಂತೆ ಹೇಳಿದ. "ನಿನಗೆ ಏದುಸಿರು ಬರ್ತಾ ಇದೆ ಅಂದ್ಕೊಂಡೆ ಅಕ್ಕ. ಜನ ಏನಂದ್ಕೋತಾರೆ ಅಂತ... ಎಲ್ಲಾ ತೆಗೆದುಬಿಟ್ಟೆ. ಮೂಲಾನೂ ಇಲ್ಲ."

ಅಕ್ಕನ ಸೂಜಿ ನಿಂತಿತು. ಆಮೇಲೆ ಸ್ಲೇಟು ತೆಗೆದುಕೊಂಡು ಬರೆದಳು: ಒಂದು ದಿನವಾದರೂ ಕಥೆ ಕೇಳಲಿಲ್ಲವಾ?

"ಇಲ್ಲ," ಎಂದ.

ಅವಳು ಸ್ಲೇಟನ್ನು ಬೋರಲು ಹಾಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಂಗಿ ಅರ್ಧ ಹೊಲಿದ ಗುಂಡಿಯೊಂದಿಗೆ ಹಾಗೇ ಬಿದ್ದಿತ್ತು. ಬೈದಿದ್ದರೆ, ಎರಡು ಬಾರಿಸಿದ್ದರೆ, ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಕ್ಕಳಿಲ್ಲದ ಅಕ್ಕನಿಗೆ ತಾನೇ ಮಗ ಎಂದು ಹೇಳಿಕೊಂಡು ತಿರುಗಿದವನು, ಅವಳು ಆಡಿದ ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ ಎಂದು ಅವನಿಗೆ ಆವತ್ತು ಅರ್ಥವಾಯಿತು.

ಮರುದಿನ ಬೆಳಿಗ್ಗೆ ಅವನು ವಿಭಾಗದ ಬಾಗಿಲು ತೆಗೆಯಲು ಹೋದರೆ, ಬಾಗಿಲ ಮುಂದಿನ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಒಬ್ಬಳೇ ನಡೆದು ಬಂದಿದ್ದಳು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಮುಖದಲ್ಲಿ ಟೀಚರ್ ಕಳೆ ಇತ್ತು, ಅಂದರೆ ಯಾರೂ ಎದುರು ಮಾತಾಡುವ ಹಾಗಿಲ್ಲ. ನೇರವಾಗಿ ಗಾಜಿನ ಆಚೆ ಹೋಗಿ ತನ್ನ ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಹಾಕು ಎಂದು ಕೈಮಾಡಿದಳು.

"ಅಕ್ಕ, ನಿನಗೆ ಮಾತಾಡೋಕೆ..."

ಅವಳು ಸ್ಲೇಟು ಎತ್ತಿ ಗಾಜಿಗೆ ಹಿಡಿದಳು: ಜಾಗ ಖಾಲಿ ಇದೆ ತಾನೆ?

ಕತ್ತರಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಪರದೆಯ ಕಡೆ ತಿರುಗಿದ. ಜಾಗ ಖಾಲಿ ಇತ್ತು. ಉಸಿರು ಕಿತ್ತ ಪ್ರತಿ ಜಾಗದಲ್ಲೂ ಅವನು ಅಷ್ಟೇ ಉದ್ದದ ನಿಶ್ಶಬ್ದ ತುಂಬಿದ್ದ. ಒಂದೂ ಕಿರಿದಾಗಿರಲಿಲ್ಲ. ಅಕ್ಕನಿಗೆ ದನಿ ಹೋಗಿತ್ತು, ಉಸಿರು ಹೋಗಿರಲಿಲ್ಲ. ಅವನು ಮೊದಲ ಅಧ್ಯಾಯವನ್ನು ಅವಳ ಕಿವಿಗೆ ಕೊಟ್ಟು, ಮೈಕು ತೆರೆದ.

ಅಕ್ಕ ಕಣ್ಣು ಮುಚ್ಚಿ ತನ್ನದೇ ದನಿಯನ್ನು ಕೇಳಿದಳು. ಕಳೆದುಹೋದ ದನಿಯನ್ನು ಅವಳು ಮತ್ತೆ ಕೇಳಿದ್ದು ಅದೇ ಮೊದಲು. ಒಂದು ಕ್ಷಣ ಮುಖ ಕಿವುಚಿತು. ಆಮೇಲೆ ತುಟಿಗಳು ಶಬ್ದವಿಲ್ಲದೆ ಆ ಮಾತುಗಳ ಜೊತೆ ಆಡತೊಡಗಿದವು. ನಾಲ್ಕು ಮಾತು ಮುಗಿದು ನಿಶ್ಶಬ್ದದ ಜಾಗ ಬಂತು. ಅವಳು ಮೈಕಿನ ಹತ್ತಿರ ಬಾಗಿ ಗಕ್ಕನೆ ಒಂದು ಮೋಟು ಉಸಿರು ಎಳೆದುಕೊಂಡಳು. ಅದು ಆ ಜಾಗದಲ್ಲಿ ಹುಟ್ಟಿ ಬೆಳೆದದ್ದೇ ಏನೋ ಎಂಬಂತೆ ಕೂತುಕೊಂಡಿತು. ಮುದುಕ ಬದುಕಿ ಎದ್ದು ಬಂದ.

ಅವಳು ಏನನ್ನೂ ಬರೆದಿಟ್ಟುಕೊಂಡಿರಲಿಲ್ಲ. ಎಲ್ಲಿ ಯಾರ ಉಸಿರು ಎಂದು ಮೈಯೇ ನೆನಪಿಟ್ಟುಕೊಂಡಿತ್ತು. ದಿನವೂ ಬೆಳಿಗ್ಗೆ ಬಂದಳು. ಸುಸ್ತಾದಾಗ ನಿಲ್ಲಿಸಿದಳು. ಅವನ ಹೆಂಡತಿ ಫ್ಲಾಸ್ಕಿನಲ್ಲಿ ಬಿಸಿನೀರು ತಂದುಕೊಟ್ಟು, "ಮಾತಾಡಬೇಡಿ ಅಂದಿದಾರೆ ಡಾಕ್ಟರು, ಉಸಿರಾಡಬೇಡಿ ಅಂದಿಲ್ವಲ್ಲ," ಎಂದು ಹೇಳಿ ಹೋದಳು. ಗಿಡ ಬೆಳೆಸುವ ತಾಯಿಗೆ ನಿಟ್ಟುಸಿರು ಬಂತು. ವೈದ್ಯನ ಉಳಿತಾಯದ ಉಸಿರು ಬಂತು. ಹುಡುಗಿಯ ಅಧ್ಯಾಯಗಳಲ್ಲಿ ಅಕ್ಕ ಕೂತಲ್ಲೇ ಓಡುತ್ತಿದ್ದಳು. ಅರವತ್ತು ದಾಟಿದ ಹೆಂಗಸಿನ ಎದೆಯಿಂದ ಏಳೆಂಟು ವರ್ಷದ ಹುಡುಗಿಯ ಉಸಿರು ಹೇಗೆ ಬಂತೆಂದು ಕೇಳಿದರೆ ಕತ್ತರಿ ಇವತ್ತಿಗೂ ಕೈ ಮುಗಿದು ಸುಮ್ಮನಾಗುತ್ತಾನೆ. ತಾನು ಇಷ್ಟು ಕಾಲ ಕಸವೆಂದು ಬುಟ್ಟಿಗೆ ಹಾಕಿದ್ದು ಏನು ಎಂದು ಅವನು ಗಾಜಿನ ಈಚೆ ಕೂತು ನೋಡಿದ. ಈಗ ಅವನು ಪರದೆಯ ಗುಡ್ಡಗಳನ್ನು ನೋಡುತ್ತಿರಲಿಲ್ಲ, ಕಥೆ ಕೇಳುತ್ತಿದ್ದ. ಮುದುಕನ ಉಸಿರು ನಿಂತ ಅಧ್ಯಾಯದಲ್ಲಿ ಅತ್ತುಬಿಟ್ಟ. ಅಕ್ಕ ಗಾಜಿನ ಆಚೆಯಿಂದ ಅದನ್ನು ನೋಡಿದಳು. ಆವತ್ತು ಮನೆಗೆ ಹೋದಮೇಲೆ ಅಂಗಿಯ ಗುಂಡಿ ಹಾಕಿ ಮುಗಿಸಿದಳು.

ಐದನೆಯವರ ಅಧ್ಯಾಯಗಳು ಬಂದಾಗಲೂ ಹಾರಿಸಲಿಲ್ಲ. ಏನೂ ಕೊಡಬೇಕಾಗಿಲ್ಲದ ಅಧ್ಯಾಯಗಳಲ್ಲೂ ತುಟಿಯಾಡಿಸುತ್ತ, ಮೈಕಿಗೆ ಬೆನ್ನು ಮಾಡಿ ಕದ್ದು ಉಸಿರಾಡುತ್ತ, ಪೂರ್ತಿ ಕೂತಳು.

ಕೊನೆಯ ಅಧ್ಯಾಯ. ಹಡಗಿನಲ್ಲಿ ಉಳಿದವಳು ಹುಡುಗಿ ಒಬ್ಬಳೇ. ಹೊಸ ಲೋಕದ ನೆಲಕ್ಕೆ ಇಳಿದಾಗಿದೆ. ಹೊರಗಿನ ಗಾಳಿ ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಗೊತ್ತಿಲ್ಲ. ಒಳಗಿನ ಗಾಳಿ ಮುಗಿದಿದೆ. ಹಡಗು ಹೇಳುತ್ತದೆ: ಹುಟ್ಟಿದಾಗಿನಿಂದ ನಾನು ಕೊಡುತ್ತಲೇ ಬಂದೆ. ಈಗ ಕೊಡಲು ಏನೂ ಇಲ್ಲ. ಬಾಗಿಲು ತೆರೆದೆ. ಹುಡುಗಿ ಓಡಿದಳು. ಹೊರಗಿನ ಗಾಳಿ ನನ್ನೊಳಗೆ ಬಂತು.

ಅಲ್ಲಿಗೆ ಪುಸ್ತಕ ಮುಗಿಯಿತು. ಕತ್ತರಿಯ ಬೆರಳು ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ಅಕ್ಕ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ತಡೆದಳು. ಈ ಸಲ ಗೋಡೆಗೆ ತಿರುಗಲಿಲ್ಲ. ಮೈಕಿನ ಹತ್ತಿರ, ತೀರಾ ಹತ್ತಿರ ಬಾಗಿ, ಒಂದು ಉಸಿರು ಎಳೆದುಕೊಂಡಳು. ಉದ್ದನೆಯದು, ನಿಧಾನದ್ದು, ಎಂದೂ ಉಸಿರಾಡದವರು ಮೊದಲ ಸಲ ಉಸಿರಾಡಿದರೆ ಇರಬಹುದಾದಂಥದ್ದು. ಒಳಗೆ ಹೋದದ್ದು ತುಸು ಹೊತ್ತು ಅಲ್ಲೇ ನಿಂತಿತು. ಆಮೇಲೆ ಹೊರಗೆ ಬಂತು. ಕತ್ತರಿ ತಾನೂ ಉಸಿರು ಹಿಡಿದಿದ್ದೇನೆ ಎಂದು ಆಮೇಲೆ ಗಮನಿಸಿದ.

ಎಕ್ಸ್‌ಚೇಂಜ್ ಸಾರ್ ಅವರನ್ನು ಕರೆಸಿದರು. ಮೊದಲಿನಿಂದ ಕೇಳಬೇಕೆಂದು ಕತ್ತರಿ ಬೇಡಿಕೊಂಡ. ಅವರು ಅಲ್ಲೇ ವಿಭಾಗದಲ್ಲಿ ಕೂತು, ದಿನವೂ ಬಂದು, ಕೇಳಿದರು. ಮುಗಿದ ದಿನ ಅಕ್ಕನೂ ಇದ್ದಳು. ಅವರು ಹೆಡ್‌ಫೋನ್ ತೆಗೆದು, ಅದರ ತಂತಿಯನ್ನು ನಿಧಾನವಾಗಿ ಸುತ್ತಿಟ್ಟರು. ಬೈಯುವುದೇ ಕಸುಬಾದ ಮನುಷ್ಯ, ಈ ಸಲ ಬೈಯಲಿಲ್ಲ.

"ಆ ಐದನೆಯವರನ್ನ ಮೊದಲು ಮನುಷ್ಯ ಅಂದ್ಕೊಂಡೆ," ಎಂದರು. "ಎರಡು ಅಧ್ಯಾಯ ಆದಮೇಲೆ ಎದೆ ಧಸಕ್ ಅಂತು. ಇದು ಉಸಿರಾಡ್ತಾ ಇಲ್ವಲ್ಲ, ಮನುಷ್ಯ ಅಲ್ಲ ಅಂದ್ಕೊಂಡೆ. ಈಗ ಕೊನೆಯಲ್ಲಿ... ಏನಂದ್ಕೋಬೇಕೋ ಗೊತ್ತಾಗ್ತಿಲ್ಲ ಕಣಯ್ಯಾ." ಅವರ ಕೈ ಗಾಳಿಯಲ್ಲಿ ಹುಡುಕಿತು. "ನಿಮ್ಮಕ್ಕ ಇಲ್ಲೇ ಇದಾರಲ್ವ? ಬಲಗಡೆ. ಉಸಿರು ಕೇಳಿಸ್ತಿದೆ."

ಅಕ್ಕ ಅವರ ಕೈಗೆ ತನ್ನ ಕೈ ಕೊಟ್ಟಳು. ಅವರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

ಒಂದೇ ಒಂದು ಬಾಕಿ ಉಳಿದಿತ್ತು. ಪ್ರತಿ ಪುಸ್ತಕದ ಕೊನೆಗೆ, ಓದಿದವರು ತಮ್ಮ ಹೆಸರು ಹೇಳುವುದು ನಿಯಮ. ಆಪರೇಷನ್ನಿನ ಗಡಿಬಿಡಿಯಲ್ಲಿ ಅಕ್ಕ ಅದನ್ನು ಹೇಳಿರಲಿಲ್ಲ, ಇನ್ನು ಹೇಳುವ ಹಾಗೂ ಇರಲಿಲ್ಲ. ಮುಖ್ಯಸ್ಥೆ ತಾನು ಹೇಳುತ್ತೇನೆ ಎಂದಳು. ಅಕ್ಕ ತಲೆಯಲ್ಲಾಡಿಸಿ ತಮ್ಮನ ಕಡೆ ಬೆರಳು ತೋರಿಸಿದಳು.

ಕತ್ತರಿ ಗಾಜಿನ ಆಚೆ ಹೋಗಿ ಅವಳ ಕುರ್ಚಿಯಲ್ಲಿ ಕೂತ. ಗಾಜಿನ ಈಚೆ ಅವನ ಜಾಗದಲ್ಲಿ ಅಕ್ಕ ಕೂತಳು. ಪೂರ್ತಿ ಹೆಸರು, ವಿಭಾಗದ ಹೆಸರು, ಎಲ್ಲವನ್ನೂ ಅವನು ಬಾಯಿಪಾಠ ಮಾಡಿಕೊಂಡಿದ್ದ. ಮೈಕು ತೆರೆದಾಗ ಒಂದೂ ನೆನಪಾಗಲಿಲ್ಲ. "ಓದಿದ್ದು ನನ್ನ ಅಕ್ಕ," ಎಂದಷ್ಟೇ ಹೇಳಿದ.

ಪುಸ್ತಕ ಹಾಗೇ ಹೊರಗೆ ಹೋಯಿತು, ಈಗಲೂ ಹಾಗೇ ಇದೆ. ಆ ಮಾತು ಹೇಳುವ ಮೊದಲು ಅವನು ಎಳೆದುಕೊಂಡ ಉಸಿರೂ ಅದರಲ್ಲಿದೆ. ಅದನ್ನು ಅವನು ತೆಗೆಯಲಿಲ್ಲ.